ಆರು ತೋಳಿನ ಅಂಗಿ

ಉಪ್ಪಳದ ರೈಲ್ವೆ ಗೇಟು ಬಿದ್ದ ಹೊತ್ತು
ಏಳನೇ ಕ್ಲಾಸಿನ ಅಜ್ಮಲ್ ಒಂದು ಹಾಳೆ ತಂದ.
ನೋಟುಪುಸ್ತಕದ ನಡುವಿನಿಂದ ಕಿತ್ತದ್ದು,
ಅಂಚಿಗೆ ಇನ್ನೂ ಹೊಲಿಗೆಯ ನೂಲು.
‘ಅನ್ಯಗ್ರಹದ ಜೀವಿ. ಶುಕ್ರವಾರ ಛದ್ಮವೇಷ.
ಹೊಲಿದು ಕೊಡಬೇಕು.’

ಮೂವತ್ತೊಂದು ವರ್ಷದಿಂದ ಕತ್ತರಿ ಹಿಡಿದವನು ನಾನು.
ಮದುಮಗನ ಕೋಟು, ಪೊಲೀಸನ ಖಾಕಿ,
ಗಲ್ಫಿಗೆ ಹೊರಟವನ ಪ್ಯಾಂಟಿಗೆ ಕಳ್ಳಜೇಬು.
ಆರು ತೋಳಿಗೆ ಟೇಪು ಹಿಡಿದವನಲ್ಲ.
ಅಳತೆ ಪುಸ್ತಕ ಕನ್ನಡದ್ದು, ರಶೀದಿ ಮಲಯಾಳದ್ದು,
ಇದನ್ನು ಯಾವುದರಲ್ಲಿ ಬರೆಯಲಿ?

‘ಕೂರುವುದು ಹೇಗೆ ಇದು?’
‘ಕೂರುವುದಿಲ್ಲ.’
‘ಮಲಗುವುದು?’
‘ಅವರಲ್ಲಿ ರಾತ್ರಿ ಇಲ್ಲ.’
‘ಮೂತ್ರಕ್ಕೆ?’
ಹುಡುಗ ಸ್ವಲ್ಪ ಯೋಚಿಸಿದ.
‘ಅಲ್ಲಿಗೊಂದು ಜಿಪ್ಪು ಇಡಿ, ಯಾವುದಕ್ಕೂ.’

ಹಾಳೆಯನ್ನು ಮೇಜಿನ ಮೇಲೆ ಹರಡಿ ನೋಡಿದೆ,
ಹಳೆ ಅಂಗಿಯ ಹೊಲಿಗೆ ಬಿಚ್ಚಿ ನೋಡುವ ಹಾಗೆ.
ತಲೆಯ ಕೊಂಬು ಬಸವನಹುಳದ್ದು.
ಹಸಿರು, ಗದ್ದೆ ಕಪ್ಪೆಯದು.
ಕಣ್ಣು ಮೂರು: ಎರಡು ಬೆಕ್ಕಿನವು, ಮೂರನೆಯದು
ಯಾವುದೋ ಅಂಗಡಿಯ ಕ್ಯಾಲೆಂಡರಿನಿಂದ ಇಳಿದದ್ದು.
ಬಾಯಿ ಮಾತ್ರ, ಸಂಶಯವೇ ಇಲ್ಲ, ಅವರ ಹೆಡ್ಮಾಷ್ಟ್ರದು.
ಎಷ್ಟು ದೂರದ ನಕ್ಷತ್ರವೋ,
ಬಟ್ಟೆಯೆಲ್ಲ ಇಲ್ಲಿಯ ತುಂಡೇ.

ಅಷ್ಟರಲ್ಲಿ ರವಕೆ ಕೇಳಲು ಬಂದ ಮೀನಿನ ದೇಯಕ್ಕ
ಮೆಟ್ಟಿಲಲ್ಲಿ ಬುಟ್ಟಿ ಇಳಿಸಿದಳು. ಚಿತ್ರ ನೋಡಿದಳು.
‘ಇಷ್ಟೆಯಾ?’ ಎಂದು
ಬಂಗುಡೆಗಳ ಅಡಿಯಿಂದ ಎಳೆದಳು
ಬಲೆಗೆ ತಪ್ಪಿ ಬಂದ ಒಂದು ಆಕ್ಟೋಪಸ್ಸು,
ಒದ್ದೆ ಚೀಲದಂಥದ್ದು, ಅರೆಜೀವ,
ಎಂಟು ತೋಳೂ ಅವಳ ಮೊಣಕೈಗೆ ಸುತ್ತಿ.

ಅಜ್ಮಲ್ ಗಡಗಡ ಒಪ್ಪಿಸಿದ:
ಹೃದಯ ಮೂರು, ನೆತ್ತರು ನೀಲಿ,
ತೋಳು ತೋಳಿಗೂ ಬೇರೆ ಬುದ್ಧಿ,
ಮುಟ್ಟಿದ್ದೆಲ್ಲ ಅದಕ್ಕೆ ರುಚಿ.
ನಾನು ನೋಡಿದ್ದು ಬೇರೆ.
ಬುಟ್ಟಿಯ ಬಣ್ಣದಲ್ಲಿ ಇದ್ದ ಮೈ
ಅವಳ ಕೈಯ ಬಣ್ಣಕ್ಕೆ ತಿರುಗುತ್ತಿತ್ತು,
ತಪ್ಪು ತಪ್ಪಾಗಿ, ಸಾಯುವ ಹೊತ್ತಿನಲ್ಲೂ.
ಕಣ್ಣಿಗೆ ಬಣ್ಣವೇ ಕಾಣದಂತೆ ಅದಕ್ಕೆ!
ಟೇಲರು ಬೇಡದ ಪ್ರಾಣಿ.
ನನಗೆ ಕೊಂಚ ಹೊಟ್ಟೆಕಿಚ್ಚು.

‘ಇದನ್ನು ಪುಕ್ಕಟೆ ಕೊಟ್ಟರೂ ಒಯ್ಯುವವರಿಲ್ಲ ಇಲ್ಲಿ’
ಎನ್ನುತ್ತ ದೇಯಕ್ಕ ಬುಟ್ಟಿ ಎತ್ತಿದಳು.
ಹಾಳೆಯ ಮೇಲೆ, ಆರನೇ ತೋಳಿನ ತುದಿಗೆ,
ಒಂದು ಹನಿ ಕಪ್ಪು ಮಸಿ.

ರಾತ್ರಿ ಹೊಲಿಯಲು ಕೂತೆ. ಕರೆಂಟು ಎರಡು ಸಲ ಹೋಯಿತು.
ಗೋಡೆಯ ಹಲ್ಲಿ ನಾಲಗೆ ಚಾಚಿ
ತನ್ನ ಕಣ್ಣನ್ನು ತಾನೇ ಒರೆಸಿಕೊಂಡಿತು.
ನಾನು ಕನ್ನಡಕವನ್ನು ಲುಂಗಿಯಲ್ಲಿ ಒರೆಸಿಕೊಂಡೆ.

ಬೆಳಿಗ್ಗೆ ಹಿತ್ತಿಲ ಗೇರುಮರದಲ್ಲಿ
(ದಿನಾ ಕಂಡದ್ದೇ, ನೋಡಿರಲಿಲ್ಲ)
ಚಗಳಿ ಇರುವೆಗಳು ಸಾಲಾಗಿ ನಿಂತು ಎಲೆಗೆ ಎಲೆ ಎಳೆದು,
ಇನ್ನೊಂದಷ್ಟು ತಮ್ಮ ಮರಿಯನ್ನೇ ಬಾಯಲ್ಲಿ ಹಿಡಿದು
ಆಚೆಗೆ ಈಚೆಗೆ, ಆಚೆಗೆ ಈಚೆಗೆ.
ಮರಿಯ ಬಾಯಿಂದ ನೂಲು.
ಕೂಸೇ ಸೂಜಿ, ಕೂಸೇ ನೂಲುಂಡೆ.
ಇದನ್ನು ಯಾರಾದರೂ ಚಿತ್ರ ಬರೆದು ತಂದಿದ್ದರೆ
‘ಆಗುವ ಹೋಗುವ ಮಾತು ಹೇಳು ಮಾರಾಯ’ ಎಂದು
ಹಿಂದೆ ಕಳಿಸುತ್ತಿದ್ದೆ.

ಶುಕ್ರವಾರ ಅವನಿಗೆ ಸಮಾಧಾನಕರ ಬಹುಮಾನ, ಸ್ಟೀಲಿನ ಲೋಟ.
ಮೊದಲನೆಯದು ಮೀನು ಮಾರುವ ಹೆಂಗಸಿನ ವೇಷಕ್ಕಂತೆ.
ದೇಯಕ್ಕನಿಗೆ ನಾನು ಹೇಳಲಿಲ್ಲ.

ಶನಿವಾರ ಅಂಗಿ ತೊಟ್ಟುಕೊಂಡೇ ಬಂದ. ತೋಳು ಐದು.
‘ಒಂದು ಬಸ್ಸಿನಲ್ಲಿ ಬಿತ್ತು ಟೇಲರಣ್ಣ.’
ಕತ್ತರಿ ಕೈಗೆತ್ತಿಕೊಂಡೆ.
‘ಬೇಡ, ಬೇಡ. ಅದು ಬೆಳೀತದೆ.’

ಗೇಟು ಎದ್ದಿತು, ಐದು ತೋಳು ಬೀಸುತ್ತ
ಹಳಿ ದಾಟಿ ಓಡಿದ.

ಉಳಿದ ಹಸಿರು ಬಟ್ಟೆ, ಕಾಲು ಮೀಟರು,
ಯಾರಿಗೂ ಕೊಡದೆ
ಮೇಜಿನಡಿ ಬೇರೆ ಇಟ್ಟಿದ್ದೇನೆ.